ಮೊದಲ ಹನಿಯ ಸಂಭ್ರಮ, ಕೊನೆಯ ಬ್ಯಾರೆಲ್ಲಿನ ಲೆಕ್ಕ

2024ರ ಜನವರಿ 7ರಂದು ಕಾಕಿನಾಡದಾಚೆಯ ಬಂಗಾಳ ಕೊಲ್ಲಿಯಲ್ಲಿ ಒ.ಎನ್.ಜಿ.ಸಿ. ತನ್ನ ಕೃಷ್ಣಾ–ಗೋದಾವರಿ ಆಳಸಮುದ್ರದ ಬ್ಲಾಕಿನಿಂದ ಮೊದಲ ಎಣ್ಣೆ ಎತ್ತಿತು. ಕಡತಗಳಲ್ಲಿ ಈ ಬ್ಲಾಕಿನ ಹೆಸರು ಕೆ.ಜಿ.–ಡಿ.ಡಬ್ಲ್ಯು.ಎನ್.–98/2. ಉತ್ಪಾದನೆ ಉತ್ತುಂಗಕ್ಕೆ ಮುಟ್ಟಿದಾಗ ದಿನಕ್ಕೆ 45,000 ಬ್ಯಾರೆಲ್ ಬರಲಿದೆ ಎಂದು ಪ್ರಕಟಣೆ ಹೇಳಿತು. ಆ ಎಣ್ಣೆ ಹೊತ್ತ ಮೊದಲ ಹಡಗು ಕರ್ನಾಟಕದ ಕಡೆಗೇ, ಮಂಗಳೂರಿನ ಎಂ.ಆರ್.ಪಿ.ಎಲ್. ಶುದ್ಧೀಕರಣ ಕೇಂದ್ರಕ್ಕೇ ಹೊರಟಿತು. ಪತ್ರಿಕೆಗಳು 45,000ವನ್ನು ದಪ್ಪ ಅಕ್ಷರದಲ್ಲಿ ಹಾಕಿದವು. ಅದೇ ಪ್ರಕಟಣೆಯ ಕೆಳಗೆ ಇನ್ನೊಂದು ಸಾಲಿತ್ತು: ಈ ಎಣ್ಣೆ ಮೇಣದ ಸ್ವಭಾವದ್ದು, ಅದರಿಂದ ಹಲವು ತಾಂತ್ರಿಕ ತೊಡಕುಗಳು ಎದುರಾದವು, ಅವನ್ನು ದಾಟಲು ದೇಶದಲ್ಲೇ ಮೊದಲ ಬಾರಿಗೆ ಕೊಳವೆಯೊಳಗೆ ಕೊಳವೆ ಹಾಕುವ ವಿಧಾನ ಬಳಸಲಾಯಿತು ಎಂದು. ಹೆಚ್ಚಿನವರು ಓದದೆ ದಾಟಿದ ಈ ಸಾಲೇ ನನಗೆ ಮುಖ್ಯ. ಆಳಸಮುದ್ರದಲ್ಲಿ ಎಣ್ಣೆ ಸಿಗುವುದು ಒಂದು ಸಂಗತಿ, ಸಿಕ್ಕ ಎಣ್ಣೆ ಹೆಪ್ಪುಗಟ್ಟದೆ ಹರಿಯುತ್ತಿರುವುದು ಬೇರೆಯೇ ಸಂಗತಿ. ಈ ಎರಡನೆಯದಕ್ಕೆ ತಗಲುವ ಖರ್ಚು ಒಂದು ಸಲ ಮಾಡಿ ಮುಗಿಸುವಂಥದ್ದಲ್ಲ; ಬಾವಿ ಬದುಕಿರುವವರೆಗೂ ಬೆನ್ನು ಬಿಡುವುದಿಲ್ಲ. ಸಾರ್ವಜನಿಕ ಹಣದಲ್ಲಿ ನಡೆಯುವ ಕಂಪನಿ ಉತ್ತುಂಗದ ಅಂಕಿಯನ್ನು ಜನರ ಮುಂದಿಡುವಾಗ ಹರಿವಿನ ಈ ಖರ್ಚನ್ನೂ ಅದರ ಪಕ್ಕದಲ್ಲೇ ಇಡಬೇಕು ಎಂಬುದು ನನ್ನ ವಾದ.

ಮಂಡ್ಯ ಜಿಲ್ಲೆಯ ಸಿಂಧಘಟ್ಟದಂಥ ಊರಿನಲ್ಲಿ ಕೂತು ಓದುವವರಿಗೆ ಎಣ್ಣೆಯ ಕೊಳವೆ ಕಟ್ಟಿಕೊಳ್ಳುತ್ತದೆ ಎಂಬ ಮಾತೇ ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಬಲ್ಲ ಕೊಳವೆ ಮಾರ್ಗವೆಂದರೆ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ, ಸುಮಾರು 360 ಕಿಲೋಮೀಟರ್ ಉದ್ದದ ಮಾರ್ಗ. ಅದರಲ್ಲಿ ಹರಿಯುವುದು ಶುದ್ಧೀಕರಿಸಿದ ಡೀಸೆಲ್, ಪೆಟ್ರೋಲ್. ಮೇಣದ ಕಾಟವೆಲ್ಲ ಮಂಗಳೂರಿನಲ್ಲೇ ಕಳೆದಿರುತ್ತದೆ, ನೆಲವೂ ಬೆಚ್ಚಗಿರುತ್ತದೆ. ಕಚ್ಚಾ ತೈಲದ ಮಾತು ಹಾಗಲ್ಲ. ಅದು ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಉದ್ದ ಸರಪಳಿಯ ಪ್ಯಾರಾಫಿನ್‌ಗಳು ಭೂಮಿಯ ಆಳದ ಶಾಖದಲ್ಲಿ ಕರಗಿಕೊಂಡೇ ಇರುತ್ತವೆ. ಬಾವಿಯ ಬಾಯಿ ದಾಟಿ ಸಮುದ್ರತಳದ ಕೊಳವೆಗೆ ಬಂದೊಡನೆ ಸುತ್ತಲಿನ ನೀರು ಶಾಖ ಹೀರತೊಡಗುತ್ತದೆ. ಮೇಲೆ ಬಂಗಾಳ ಕೊಲ್ಲಿ ಎಷ್ಟೇ ಬೆಚ್ಚಗಿರಲಿ, ಸಾವಿರ ಮೀಟರ್ ಕೆಳಗೆ ನೀರಿನ ಉಷ್ಣತೆ ಹತ್ತು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಎಣ್ಣೆಯ ಉಷ್ಣತೆ ಒಂದು ಮಟ್ಟಕ್ಕಿಂತ ಇಳಿದಾಗ ಮೇಣದ ಹರಳುಗಳು ಮೂಡುತ್ತವೆ. ಕೊಳವೆಯ ಗೋಡೆಯೇ ಅತಿ ತಣ್ಣನೆಯ ಜಾಗವಾದ್ದರಿಂದ ಮೇಣ ಅಲ್ಲಿಗೇ ಸರಿದು ಪದರು ಪದರಾಗಿ ಕೂರುತ್ತದೆ. ಹೊತ್ತು ಕಳೆದಷ್ಟೂ ಆ ಪದರು ಗಟ್ಟಿಯಾಗುತ್ತದೆ. ಹರಿವು ನಿಂತುಹೋದರೆ ಇನ್ನೊಂದು ಅಪಾಯವಿದೆ: ಕೊಳವೆಯಲ್ಲಿರುವ ಎಣ್ಣೆಯೆಲ್ಲ ಒಟ್ಟಿಗೇ ಹೆಪ್ಪಾಗಿ, ಪಂಪಿನ ಒತ್ತಡಕ್ಕೂ ಕದಲದೆ ಕೂತುಬಿಡಬಹುದು.

ಹೈಡ್ರೇಟ್ ಇದಕ್ಕಿಂತ ಜಿಗುಟಾದ ವೈರಿ. ಇದು ಬರೀ ನೀರಿನ ಮಂಜುಗಡ್ಡೆಯಲ್ಲ. ನೀರಿನ ಅಣುಗಳು ಗೂಡು ಕಟ್ಟಿಕೊಂಡು ಒಳಗೆ ಮೀಥೇನ್‌ನಂಥ ಅನಿಲವನ್ನು ಹಿಡಿದಿಟ್ಟುಕೊಂಡ ಹರಳು. ಒತ್ತಡ ಹೆಚ್ಚಿದ್ದರೆ ಸೊನ್ನೆ ಡಿಗ್ರಿಗಿಂತ ಎಷ್ಟೋ ಮೇಲೆಯೇ ಗಟ್ಟಿಯಾಗುತ್ತದೆ. ಸಾವಿರ ಮೀಟರ್ ಆಳದಲ್ಲಿ ನೀರಿನ ಒತ್ತಡವೇ ಸುಮಾರು ನೂರು ವಾತಾವರಣದಷ್ಟು. ಕೊಳವೆಯೊಳಗೆ ಎಣ್ಣೆಯೊಂದಿಗೆ ಅನಿಲವೂ ನೀರೂ ಇದ್ದೇ ಇರುತ್ತವೆ. ಅಂದಮೇಲೆ ಹೈಡ್ರೇಟ್‌ಗೆ ಬೇಕಾದದ್ದೆಲ್ಲ ಅಲ್ಲಿ ಒದಗಿದಂತಾಯಿತು. ಈ ವಸ್ತು ಪ್ರಯೋಗಾಲಯದ ವಿಚಿತ್ರವಾಗಿ ಹಂಫ್ರಿ ಡೇವಿಯ ಕಾಲದಿಂದ, ಎಂದರೆ 1811ರಿಂದ ಗೊತ್ತಿತ್ತು. ಅನಿಲದ ಕೊಳವೆಗಳನ್ನು ಕಟ್ಟುತ್ತಿದ್ದ ‘ಮಂಜು’ ನಿಜಕ್ಕೂ ಹೈಡ್ರೇಟ್ ಎಂದು ಅಮೆರಿಕದ ಹ್ಯಾಮರ್‌ಶ್ಮಿಟ್ ತೋರಿಸಿದ್ದು 1934ರಲ್ಲಿ. ತೊಂಬತ್ತು ವರ್ಷಗಳಿಂದ ಗೊತ್ತಿರುವ ಕಾಯಿಲೆ ಇದು. ಆದರೂ 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಮಕೊಂಡೊ ಬಾವಿ ಸ್ಫೋಟಿಸಿ ಹನ್ನೊಂದು ಜನ ಸತ್ತು, ಸಮುದ್ರತಳದಿಂದ ಎಣ್ಣೆ ಚಿಮ್ಮುತ್ತಿದ್ದಾಗ ಅದೇ ಕಾಯಿಲೆ ಜಗತ್ತಿನ ಕಣ್ಣೆದುರೇ ಆಟವಾಡಿತು. ಮೇ ಮೊದಲ ವಾರದ ಕೊನೆಯ ಹೊತ್ತಿಗೆ ಸುಮಾರು 1,500 ಮೀಟರ್ ಆಳಕ್ಕೆ ಬೃಹತ್ ಉಕ್ಕಿನ ಗುಮ್ಮಟವೊಂದನ್ನು ಇಳಿಸಿ, ಸೋರಿಕೆಯ ಮೇಲೆ ಕವುಚಿ, ಎಣ್ಣೆಯನ್ನು ಮೇಲಕ್ಕೆ ಎಳೆಯಲು ನೋಡಿದರು. ಗುಮ್ಮಟದೊಳಗೆ ಹೈಡ್ರೇಟ್ ತುಂಬಿ, ಎಣ್ಣೆ ಹೋಗಬೇಕಾದ ದ್ವಾರ ಮುಚ್ಚಿಹೋಯಿತು, ಗುಮ್ಮಟವೇ ತೇಲುವಂತಾಯಿತು. ಯತ್ನ ಕೈಬಿಡಬೇಕಾಯಿತು. ಮುಂದಿನ ಪ್ರಯತ್ನಗಳಲ್ಲಿ ಮೆಥನಾಲ್ ಹಾಯಿಸಿದರು, ಬೆಚ್ಚಗಿನ ನೀರು ಇಳಿಸಿದರು. ಬಾವಿಯ ಬಾಯಿ ಮುಚ್ಚಿದ್ದು ಜುಲೈ 15ಕ್ಕೆ. ಬಾವಿ ನಡೆಸುತ್ತಿದ್ದ ಕಂಪನಿಯಲ್ಲಿ ಹೈಡ್ರೇಟ್ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ತಡೆಯುವ ದಾರಿಗಳು ಇಲ್ಲವೆಂದಲ್ಲ. ಕೊಳವೆಯ ಸುತ್ತ ಇನ್ನೊಂದು ಕೊಳವೆ ಹಾಕಿ ನಡುವೆ ಶಾಖ ತಡೆಯುವ ವಸ್ತು ತುಂಬುವುದು, ವಿದ್ಯುತ್ತಿನಿಂದ ಕಾಯಿಸುವುದು, ‘ಪಿಗ್’ ಎಂದು ಕರೆಯುವ ಕೆರೆಯುವ ಸಾಧನವನ್ನು ಆಗಾಗ ಕೊಳವೆಯೊಳಗೆ ಓಡಿಸುವುದು, ಮೇಣದ ಹರಳು ಒಂದಕ್ಕೊಂದು ಅಂಟದಂತೆ ರಾಸಾಯನಿಕ ಬೆರೆಸುವುದು, ಹೈಡ್ರೇಟ್ ಕಟ್ಟದಂತೆ ಮೆಥನಾಲ್ ಅಥವಾ ಗ್ಲೈಕಾಲ್ ಹಾಯಿಸುವುದು. ಕೃಷ್ಣಾ–ಗೋದಾವರಿ ಕೊಳ್ಳದ್ದೇ ಆದ ಕೆ.ಜಿ.–ಡಿ6 ಅನಿಲ ಕ್ಷೇತ್ರ 2009ರ ಏಪ್ರಿಲ್‌ನಲ್ಲಿ ಶುರುವಾದಾಗ ದಡದಿಂದ ಗ್ಲೈಕಾಲ್ ಕಳಿಸಿ, ಅನಿಲದ ಜೊತೆ ಹಿಂದಕ್ಕೆ ಬಂದದ್ದನ್ನು ಗಾಡಿಮೊಗದ ಘಟಕದಲ್ಲಿ ಶುದ್ಧಮಾಡಿ ಮತ್ತೆ ಕಳಿಸುವ ಏರ್ಪಾಡಿತ್ತು. ಗಮನಿಸಬೇಕಾದದ್ದು, ಇವುಗಳಲ್ಲಿ ಕೊಳವೆಯ ಕವಚವೊಂದನ್ನು ಬಿಟ್ಟರೆ ಉಳಿದ ಯಾವುದೂ ಒಮ್ಮೆ ಕೊಂಡು ಮರೆಯುವ ವಸ್ತುವಲ್ಲ. ಕವಚವೂ ಕೊಡುವುದು ಕಾಲಾವಕಾಶವನ್ನಷ್ಟೆ. ಹರಿವು ನಿಂತರೆ ಒಳಗಿನ ಎಣ್ಣೆ ತಣ್ಣಗಾಗಲು ಕೆಲವು ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟರೊಳಗೆ ಮೇಲಿನವರು ಕೊಳವೆಯನ್ನು ತೊಳೆದು ಬೇರೆ ಎಣ್ಣೆ ತುಂಬಿಸಬೇಕು, ಇಲ್ಲವೇ ರಾಸಾಯನಿಕ ಹಾಯಿಸಬೇಕು. ಆ ಗಂಟೆಗಳು ಕೈತಪ್ಪಿದರೆ ಹೈಡ್ರೇಟ್ ಬಿರಡೆ ಕೂರುತ್ತದೆ. ಅದನ್ನು ಬಿಡಿಸುವುದೂ ಅಪಾಯದ ಕೆಲಸ. ಒಂದೇ ಬದಿಯಿಂದ ಒತ್ತಡ ಇಳಿಸಿದರೆ ಸಡಿಲವಾದ ಬಿರಡೆ ಇನ್ನೊಂದು ಬದಿಯ ಒತ್ತಡಕ್ಕೆ ಗುಂಡಿನಂತೆ ನುಗ್ಗಿ ಕೊಳವೆಯನ್ನೇ ಸೀಳಬಲ್ಲದು. ಹೀಗೆ ಕೆಲಸಗಾರರು ಪ್ರಾಣ ಕಳೆದುಕೊಂಡದ್ದಿದೆ. ಅದಕ್ಕೇ ಎರಡೂ ಬದಿಯಿಂದ ನಿಧಾನವಾಗಿ ಒತ್ತಡ ಇಳಿಸುತ್ತಾರೆ, ಅದಕ್ಕೆ ವಾರಗಳು ಹಿಡಿಯಬಹುದು. ಅಷ್ಟು ದಿನ ಉತ್ಪಾದನೆ ಸೊನ್ನೆ.

ಮೇಣದ ಎಣ್ಣೆಯ ಜೊತೆ ನಮ್ಮ ದೇಶದ ಅನುಭವ ಹೊಸದೇನಲ್ಲ. ಅಸ್ಸಾಮಿನ ನಾಹರ್‌ಕಟಿಯಾ ಎಣ್ಣೆಯನ್ನು ಬಿಹಾರದ ಬರೌನಿವರೆಗೆ, 1,157 ಕಿಲೋಮೀಟರ್ ಸಾಗಿಸುವ ಮಾರ್ಗವನ್ನು 1960ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿದಾಗ ಎಂಜಿನಿಯರುಗಳು ಮೇಣವನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿದಿದ್ದರು. ಎಣ್ಣೆಯನ್ನು ಕಾಯಿಸಿ, ಹದವಾಗಿ ತಣಿಸಿ, ಹರಳುಗಳ ಸ್ವರೂಪವನ್ನೇ ಬದಲಿಸಿ ಆಮೇಲೆ ಕೊಳವೆಗೆ ಬಿಡುವ ಘಟಕ ಕಟ್ಟಿದ್ದರು. ರಾಜಸ್ಥಾನದ ಬಾಡ್‌ಮೇರ್‌ನಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದ ಎಣ್ಣೆ ಇನ್ನೂ ಹಟಮಾರಿ. ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಸರ್ಕಾರ ಅದರ ಖರೀದಿದಾರನೆಂದು ಆರಂಭದಲ್ಲಿ ಹೆಸರಿಸಿದ್ದು ಇದೇ ಎಂ.ಆರ್.ಪಿ.ಎಲ್. ಅನ್ನು. 2009ರಲ್ಲಿ ಉತ್ಪಾದನೆ ಶುರುವಾದ ಮೇಲೆ ಗುಜರಾತಿನ ಕರಾವಳಿವರೆಗೆ ಆರುನೂರು ಕಿಲೋಮೀಟರಿಗೂ ಉದ್ದದ ಕೊಳವೆಯನ್ನು ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿಯಾಗಿಟ್ಟು ಸಾಗಿಸಲಾಯಿತು. ಈ ಎರಡೂ ಉದಾಹರಣೆ ನನ್ನ ವಾದಕ್ಕೆ ಎದುರು ನಿಲ್ಲುವಂತೆ ಕಾಣಬಹುದು: ಮೇಣವನ್ನು ಗೆದ್ದಿದ್ದೇವಲ್ಲ, ಇನ್ನೇನು ಎಂದು. ನನಗೆ ಕಾಣುವುದು ಬೇರೆ. ಎರಡೂ ಕಡೆ ಗೆದ್ದದ್ದು ನೆಲದ ಮೇಲೆ. ಕಾಯಿಸುವ ಕೇಂದ್ರ ಕೆಟ್ಟರೆ ಜೀಪಿನಲ್ಲಿ ಹೋಗಿ ರಿಪೇರಿ ಮಾಡಬಹುದು. ಸಮುದ್ರತಳಕ್ಕೆ ಜೀಪು ಹೋಗುವುದಿಲ್ಲ. ವಿಶೇಷ ಹಡಗನ್ನು ಬಾಡಿಗೆಗೆ ಹಿಡಿದು, ರೋಬಾಟ್ ಇಳಿಸಿ, ಹವಾಮಾನ ನೋಡಿಕೊಂಡು ಕೆಲಸ ಮಾಡಬೇಕು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ ಬೇರೆ ಇದೆ. ಉತ್ತರ ಸಮುದ್ರದಲ್ಲಿ ಲ್ಯಾಸ್ಮೊ ಕಂಪನಿಯ ಸ್ಟಾಫಾ ಎಂಬ ಸಣ್ಣ ಕ್ಷೇತ್ರದ ಕೊಳವೆ 1990ರ ದಶಕದಲ್ಲಿ ಮೇಣದಿಂದ ಮತ್ತೆ ಮತ್ತೆ ಕಟ್ಟಿಕೊಂಡಿತು. ಕೊನೆಗೆ ಕಂಪನಿ ಕ್ಷೇತ್ರವನ್ನೇ ಕೈಬಿಟ್ಟಿತು. ನೆಲದಡಿಯಲ್ಲಿ ಎಣ್ಣೆ ಇನ್ನೂ ಇತ್ತು.

ಈ ಖರ್ಚು ಯಾವಾಗ ಹೆಚ್ಚುತ್ತದೆ ಎಂಬುದು ಇಡೀ ವಿಷಯದ ತಿರುಳು, ಸಾರ್ವಜನಿಕ ಚರ್ಚೆಯಲ್ಲಿ ಕಾಣದೇ ಹೋಗುವುದೂ ಅದೇ. ಬಾವಿ ಹೊಸದಾಗಿದ್ದಾಗ ಹರಿವು ಜೋರು. ಎಣ್ಣೆ ತಣ್ಣಗಾಗುವ ಮುನ್ನವೇ ಮೇಲೆ ಎಣ್ಣೆ ತುಂಬಿಕೊಳ್ಳುವ ಹಡಗನ್ನು ಮುಟ್ಟುತ್ತದೆ. ಜೊತೆಯಲ್ಲಿ ಬರುವ ನೀರೂ ಕಡಿಮೆ. ವರ್ಷಗಳು ಉರುಳಿದಂತೆ ನೆಲದಡಿಯ ಒತ್ತಡ ಇಳಿಯುತ್ತದೆ, ಹರಿವು ನಿಧಾನವಾಗುತ್ತದೆ, ಎಣ್ಣೆ ಕೊಳವೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಹೆಚ್ಚು ತಣ್ಣಗಾಗುತ್ತದೆ, ಮೇಣ ಹೆಚ್ಚು ಕೂರುತ್ತದೆ. ನೀರಿನ ಪಾಲು ಏರುತ್ತದೆ. ಹೈಡ್ರೇಟ್ ತಡೆಯುವ ಮೆಥನಾಲ್ ಅಥವಾ ಗ್ಲೈಕಾಲ್ ಹಾಕುವುದು ನೀರಿನ ತೂಕದ ಲೆಕ್ಕದಲ್ಲಿ, ಎಷ್ಟೋ ಕಡೆ ಅದರ ಕಾಲು ಪಾಲಿಗೂ ಮೀರಿ. ಅಂದರೆ ನೀರು ಎರಡು ಪಟ್ಟಾದರೆ ರಾಸಾಯನಿಕವೂ ಎರಡು ಪಟ್ಟು. ಬಾವಿ ನಿಲ್ಲಿಸಿ ಮತ್ತೆ ಶುರು ಮಾಡುವ ಸಂದರ್ಭಗಳೂ ಹೆಚ್ಚುತ್ತವೆ, ಬಿರಡೆ ಕೂರುವುದು ಬಹುಪಾಲು ಅಂಥ ಹೊತ್ತಿನಲ್ಲೇ. ಆದಾಯ ಇಳಿಯುವ ಕಾಲಕ್ಕೇ ಹರಿವನ್ನು ಕಾಯುವ ಖರ್ಚು ಏರುತ್ತದೆ. ಹೀಗಿರುವಾಗ ಉತ್ತುಂಗದ ದಿನದ ಅಂಕಿ ಯೋಜನೆಯ ಅರ್ಹತೆಯನ್ನು ಹೇಳಲಾರದು. 2016ರಲ್ಲಿ ಒ.ಎನ್.ಜಿ.ಸಿ. ಈ ಬ್ಲಾಕಿನ ಅಭಿವೃದ್ಧಿಗೆ 500 ಕೋಟಿ ಡಾಲರಿಗೂ ಮಿಗಿಲಾದ ಹೂಡಿಕೆಗೆ ಒಪ್ಪಿದಾಗ ಎಣ್ಣೆ 2020ರ ಮಾರ್ಚ್ ಹೊತ್ತಿಗೆ ಬರಬೇಕೆಂದು ಗುರಿ ಹಾಕಿಕೊಂಡಿತ್ತು. ಬಂದದ್ದು ಸುಮಾರು ನಾಲ್ಕು ವರ್ಷ ತಡವಾಗಿ. ಕಾರಣಗಳು ಹಲವಿದ್ದೀತು, ಎಲ್ಲವನ್ನೂ ಮೇಣದ ತಲೆಗೆ ಕಟ್ಟುವುದು ಅನ್ಯಾಯ. ತಡವಾದ ಸುದ್ದಿಯಾದರೂ ನಮಗೆ ತಲುಪಿತು. ಹದಿನೈದನೆಯ ವರ್ಷದ ಬ್ಯಾರೆಲ್ಲಿಗೆ ತಗಲುವ ಖರ್ಚಿನ ಅಂದಾಜು ಸಾರ್ವಜನಿಕ ಚರ್ಚೆಗೆ ಬರುವುದೇ ಇಲ್ಲ.

ಮಂಡ್ಯ ಜಿಲ್ಲೆಯ ಓದುಗರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಹೇಮಾವತಿಗೆ ಅಡ್ಡಲಾಗಿ ಕೆ.ಆರ್. ಪೇಟೆ ತಾಲ್ಲೂಕಿನ ಮಂದಗೆರೆಯಲ್ಲಿ, ಹೇಮಗಿರಿಯಲ್ಲಿ ಇರುವ ಹಳೆಯ ಅಣೆಕಟ್ಟೆಗಳ ನಾಲೆಗಳಾಗಲಿ, ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯಾಗಲಿ, ಕಟ್ಟಿದವರ ಹೆಸರಿನಿಂದ ನೆನಪಾಗುತ್ತವೆ. ನೀರು ಕೊನೆ ಭಾಗಕ್ಕೆ ತಲುಪುವುದು ಮಾತ್ರ ಹೂಳೆತ್ತುವ, ಜೊಂಡು ಕೀಳುವ, ತೂಬು ಸರಿಪಡಿಸುವ ಹಣ ವರ್ಷ ವರ್ಷವೂ ಬಂತೇ ಇಲ್ಲವೇ ಎಂಬುದರ ಮೇಲೆ. ನಾಲೆಯ ಉದ್ದ, ಅಚ್ಚುಕಟ್ಟಿನ ಎಕರೆ ಕಾಗದದಲ್ಲಿ ಹಾಗೇ ಇರುತ್ತವೆ, ಕೊನೆ ಭಾಗದ ಗದ್ದೆಯವನು ಬೋರ್‌ವೆಲ್ ಕೊರೆಸುತ್ತಿರುತ್ತಾನೆ. ಹೋಲಿಕೆ ಇಷ್ಟಕ್ಕೇ ಸಾಕು, ಏಕೆಂದರೆ ಒಂದು ವ್ಯತ್ಯಾಸ ದೊಡ್ಡದು. ನಾಲೆಯಲ್ಲಿ ಹೂಳು ತುಂಬಿದರೆ ಅರ್ಧ ನೀರಾದರೂ ಹರಿಯುತ್ತದೆ; ಆಳಸಮುದ್ರದ ಕೊಳವೆಗೆ ಬಿರಡೆ ಬಿದ್ದರೆ ಏನೂ ಹರಿಯುವುದಿಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ತಜ್ಞರ ಕಡೆಯಿಂದ ಬರುತ್ತದೆ. ಹೈಡ್ರೇಟ್ ಒಂದು ಹರಳೂ ಮೂಡಬಾರದು ಎಂಬ ಹಳೆಯ ಹಟದಿಂದ ಉದ್ಯಮ ಈಗ ಹೊರಬಂದಿದೆ ಎನ್ನುತ್ತಾರೆ ಅವರು. ಹರಳು ಮೂಡಿದರೂ ಒಂದಕ್ಕೊಂದು ಅಂಟದೆ ಎಣ್ಣೆಯೊಂದಿಗೆ ತೇಲಿ ಹೋಗುವಂತೆ ಮಾಡುವ ರಾಸಾಯನಿಕಗಳಿವೆ, ನೀರಿನ ಶೇ. 1ರ ಆಸುಪಾಸಿನ ಪ್ರಮಾಣವೇ ಸಾಕಾಗುತ್ತದೆ. ಅತಿ ಎಚ್ಚರದ ವಿನ್ಯಾಸ ಮಾಡಿದರೆ ಕೊಳವೆಯ ಬೆಲೆಯೇ ಏರಿ ಸಣ್ಣ ಕ್ಷೇತ್ರಗಳು ಶುರುವಾಗುವುದೇ ಇಲ್ಲ, ಅಷ್ಟೂ ಎಣ್ಣೆಯನ್ನು ಹೊರದೇಶದಿಂದ ತರಬೇಕಾಗುತ್ತದೆ. ಈ ಮಾತು ನಿಜ. ಬೇಕಾದ ಎಣ್ಣೆಯ ಶೇ. 80ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶದಲ್ಲಿ ಕೂತು ಆಳಸಮುದ್ರದ ಎಣ್ಣೆಯೇ ಬೇಡ ಎನ್ನುವುದು ಸುಲಭದ ಮಾತು, ನಾನು ಅದನ್ನು ಹೇಳುತ್ತಿಲ್ಲ. ಆದರೆ ಅಪಾಯವನ್ನು ಪೂರ್ತಿ ದೂರವಿಡುವುದನ್ನು ಬಿಟ್ಟು ಅದರ ಜೊತೆ ಹದವಾಗಿ ಬದುಕುತ್ತೇವೆ ಎಂದು ತೀರ್ಮಾನಿಸುವುದು ಒಂದು ಆಯ್ಕೆ. ಆ ಆಯ್ಕೆಯಲ್ಲಿ ಕಟ್ಟುವಾಗಿನ ಖರ್ಚು ಇಳಿಯುತ್ತದೆ, ನಡೆಸುವಾಗಿನ ಎಚ್ಚರ ಏರುತ್ತದೆ, ನಡುವೆ ಎಲ್ಲೋ ಒಮ್ಮೆ ಕೊಳವೆ ಕಟ್ಟಿಕೊಳ್ಳುವ ಸಾಧ್ಯತೆಯನ್ನು ಒಪ್ಪಿಕೊಂಡಂತಾಗುತ್ತದೆ. ಖಾಸಗಿ ಕಂಪನಿ ತನ್ನ ಷೇರುದಾರರ ಜೊತೆ ಅದನ್ನು ಮಾತಾಡಿಕೊಳ್ಳಲಿ. ಒ.ಎನ್.ಜಿ.ಸಿ.ಯ ಬಹುಪಾಲು ಷೇರು ಕೇಂದ್ರ ಸರ್ಕಾರದ್ದು, ಎಂದರೆ ನಮ್ಮದು. ಹೊರುವ ಅಪಾಯ ಯಾವ ಪ್ರಮಾಣದ್ದು ಎಂದು ನಮಗೂ ತಿಳಿಯಬೇಕು.

ವಾಣಿಜ್ಯ ಗೋಪ್ಯತೆಯ ಆಕ್ಷೇಪ ಇನ್ನೊಂದು. ಇದಕ್ಕೆ ಹೆಚ್ಚು ಮಾತು ಬೇಡ. ಯಾವ ಕಂಪನಿಯ ರಾಸಾಯನಿಕ, ಯಾವ ದರ, ಯಾವ ಗುತ್ತಿಗೆ ಎಂದು ಯಾರೂ ಕೇಳುತ್ತಿಲ್ಲ. ಕ್ಷೇತ್ರದ ಇಡೀ ಆಯುಷ್ಯದಲ್ಲಿ ಬ್ಯಾರೆಲ್ಲಿಗೆ ಸರಾಸರಿ ಹರಿವಿನ ಖರ್ಚು ಎಷ್ಟು, ವರ್ಷದಲ್ಲಿ ಎಷ್ಟು ದಿನ ಕೊಳವೆ ನಿಂತಿತು ಎಂಬ ಒಟ್ಟು ಅಂಕಿಗಳಿಂದ ಯಾವ ಪ್ರತಿಸ್ಪರ್ಧಿಗೂ ಲಾಭವಿಲ್ಲ. ಬಾವಿಯಡಿ ಎಷ್ಟು ಎಣ್ಣೆಯಿದೆ ಎಂಬುದನ್ನೇ ಘಂಟಾಘೋಷವಾಗಿ ಹೇಳುವವರಿಗೆ ಇದು ಗುಟ್ಟಾಗುವುದು ಹೇಗೆ?

ಇದೇ ತರ್ಕವನ್ನು ಇನ್ನೊಂದು ಕನಸಿಗೂ ಹಚ್ಚಿ ನೋಡಬೇಕು. ಕೊಳವೆಯಲ್ಲಿ ಶತ್ರುವಾದ ಹೈಡ್ರೇಟ್ ಸಮುದ್ರತಳದ ಮಣ್ಣಿನಲ್ಲಿ ಸಂಪತ್ತು ಎಂದು ಎಣಿಕೆಯಾಗುತ್ತದೆ. ಒಂದು ಘನ ಮೀಟರ್ ಮೀಥೇನ್ ಹೈಡ್ರೇಟ್ ಕರಗಿದರೆ ಸುಮಾರು 164 ಘನ ಮೀಟರ್ ಅನಿಲ ಬಿಡುಗಡೆಯಾಗುತ್ತದೆ. ಆಸೆ ಹುಟ್ಟಿಸುವ ಅಂಕಿಯೇ. 2006ರಲ್ಲಿ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾನದಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು ಭಾರತದ ಸುತ್ತಲಿನ ಸಮುದ್ರಗಳಲ್ಲಿ ಕೊರೆಯಿತು. ನಮ್ಮ ಪಶ್ಚಿಮದ ಕೇರಳ–ಕೊಂಕಣ ಬೇಸಿನ್ನಿನಲ್ಲಿ ಕೊರೆದ ಕಡೆ ಹೈಡ್ರೇಟ್ ಸಿಗಲಿಲ್ಲ. ಕೃಷ್ಣಾ–ಗೋದಾವರಿಯಲ್ಲಿ ಒಂದೆಡೆ ಸುಮಾರು 130 ಮೀಟರ್ ದಪ್ಪದ ಪದರವೇ ಸಿಕ್ಕಿತು. 2015ರ ಎರಡನೇ ಯಾನ ಅದೇ ಪೂರ್ವ ಕರಾವಳಿಯಲ್ಲಿ ಮುಂದುವರಿಯಿತು. ಅಂದಿನಿಂದ ‘ನೂರಾರು ವರ್ಷಕ್ಕಾಗುವ ಅನಿಲ’ ಎಂಬ ಮಾತು ಆಗಾಗ ತೇಲಿಬರುತ್ತದೆ. ತೆಗೆಯಲು ನಿಜವಾಗಿ ಕೈಹಾಕಿದವರ ಕಥೆ ಬೇರೆ. ಜಪಾನ್ 2013ರ ಮಾರ್ಚ್‌ನಲ್ಲಿ ನಂಕಾಯ್ ಕಂದಕದಲ್ಲಿ ಸಮುದ್ರದಡಿಯ ಹೈಡ್ರೇಟ್‌ನಿಂದ ಅನಿಲ ಎತ್ತಿದ ಮೊದಲ ದೇಶವಾಯಿತು. ಆರು ದಿನದಲ್ಲಿ ಬಾವಿಗೆ ಮರಳು ನುಗ್ಗಿ ಪರೀಕ್ಷೆ ನಿಂತಿತು. 2017ರ ಎರಡನೇ ಪ್ರಯತ್ನದ ಮೊದಲ ಬಾವಿಯನ್ನೂ ಮರಳೇ ನಿಲ್ಲಿಸಿತು. ಹೈಡ್ರೇಟ್ ಕರಗಿದೊಡನೆ ಅದು ಹಿಡಿದಿಟ್ಟಿದ್ದ ಮಣ್ಣು ಸಡಿಲವಾಗುವುದರಿಂದ ಇದು ಆಕಸ್ಮಿಕವೇನಲ್ಲ. ಜೊತೆಗೆ ಬಿಡುಗಡೆಯಾದ ಅನಿಲ, ನೀರು ತಣ್ಣನೆಯ ಕೊಳವೆಯಲ್ಲಿ ಮತ್ತೆ ಸೇರಿ ಹೈಡ್ರೇಟ್ ಆಗದಂತೆ ಕಾಯುವ ಕೆಲಸ ಬೇರೆ. ಸಂಪತ್ತಿನ ಗಾತ್ರ ಹೇಳಿ ಅದು ಹರಿಯುವ ಬೆಲೆ ಹೇಳದಿರುವ ಅಭ್ಯಾಸ, ಎಣ್ಣೆಯ ವಿಷಯಕ್ಕಿಂತ ಇಲ್ಲಿ ಇನ್ನೂ ಅಪಾಯಕಾರಿ. ಎಣ್ಣೆಗೆ ಒಂದು ಮಾರುಕಟ್ಟೆ ಬೆಲೆಯಾದರೂ ಇದೆ. ಹೈಡ್ರೇಟ್ ಅನಿಲವನ್ನು ವಾಣಿಜ್ಯವಾಗಿ ಮಾರಿದ ಆಳಸಮುದ್ರದ ಬಾವಿ ಜಗತ್ತಿನಲ್ಲಿ ಒಂದೂ ಇಲ್ಲ.

ಕೇಳಬೇಕಾದ ಜಾಗಗಳು ಇವೆ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದ ಸಂಸದೀಯ ಸ್ಥಾಯಿ ಸಮಿತಿ ಸಚಿವಾಲಯದ ಅನುದಾನ ಬೇಡಿಕೆಗಳನ್ನು ವರ್ಷವೂ ಪರಿಶೀಲಿಸುತ್ತದೆ. ಬ್ಲಾಕುಗಳ ಅಭಿವೃದ್ಧಿ ಯೋಜನೆಗಳನ್ನು ನೋಡಲು ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ಇದೆ. ಹೊಸ ಆಳಸಮುದ್ರದ ಯೋಜನೆ ಒಪ್ಪಿಗೆಗೆ ಬಂದಾಗ ಉತ್ಪಾದನೆಯ ಗೆರೆಯ ಜೊತೆಗೇ ಹರಿವಿನ ಖರ್ಚಿನ ಗೆರೆಯನ್ನೂ ಎಳೆದು ತೋರಿಸಿ, ಎರಡೂ ಗೆರೆ ಯಾವ ವರ್ಷ ಕೂಡುತ್ತವೆ ಎಂದು ಹೇಳಿಸುವುದು ಅವರ ಕೈಲಿದೆ. ಬಾವಿ ಮುಚ್ಚುವ ವರ್ಷವೂ ಅದರಿಂದ ತಿಳಿಯುತ್ತದೆ, ಕೊಳವೆಯನ್ನು ತೊಳೆದು ಅಲ್ಲೇ ಬಿಡುವುದೋ ಮೇಲೆತ್ತುವುದೋ ಎಂಬ ಖರ್ಚಿಗೆ ಹಣ ಎತ್ತಿಡಲು ಶುರುಮಾಡುವ ವರ್ಷವೂ. ಕರ್ನಾಟಕದ ಕಡೆಯಿಂದ ಕೇಳಬೇಕಾದದ್ದು ಮಂಗಳೂರಿನ ಅಂಕಿ. ಮೇಣದ ಎಣ್ಣೆಯ ಗೋಳು ಹಡಗಿಗೆ ತುಂಬಿದೊಡನೆ ಮುಗಿಯುವುದಿಲ್ಲ. ಹಡಗಿನ ಟ್ಯಾಂಕು, ಬಂದರಿನ ಕೊಳವೆ, ಶುದ್ಧೀಕರಣ ಕೇಂದ್ರದ ಟ್ಯಾಂಕು ಎಲ್ಲವನ್ನೂ ಹದ ಶಾಖದಲ್ಲಿ ಇಡಬೇಕು. ಆ ವೆಚ್ಚಕ್ಕಾಗಿ ಎಂ.ಆರ್.ಪಿ.ಎಲ್. ಕೊಡುವ ಬೆಲೆಯಲ್ಲಿ ಎಷ್ಟು ಮುರಿದುಕೊಳ್ಳುತ್ತದೆ? ಕಂಪನಿಯ ಶೇ. 71ಕ್ಕೂ ಹೆಚ್ಚು ಷೇರು ಒ.ಎನ್.ಜಿ.ಸಿ.ಯದು. ಇನ್ನೊಂದು ದೊಡ್ಡ ಪಾಲು ಎಚ್.ಪಿ.ಸಿ.ಎಲ್.ನದು, ಅದೂ 2018ರಿಂದ ಒ.ಎನ್.ಜಿ.ಸಿ.ಯ ಅಂಗಸಂಸ್ಥೆ. ಮಾರುವವರೂ ಕೊಳ್ಳುವವರೂ ಒಂದೇ ಮನೆಯವರಾದಾಗ ಸಮುದ್ರದ ಬದಿಯ ಪುಸ್ತಕದಲ್ಲಿ ಕಡಿಮೆ ಕಂಡ ಖರ್ಚು ಮಂಗಳೂರಿನ ಪುಸ್ತಕದಲ್ಲಿ ಕೂತಿರಲು ಅವಕಾಶವಿದೆ. ಅದರ ಒಂದಷ್ಟು ಭಾರ ಎಂ.ಆರ್.ಪಿ.ಎಲ್. ಷೇರು ಹಿಡಿದಿರುವ ಸಣ್ಣ ಹೂಡಿಕೆದಾರರ ಮೇಲೂ ಬೀಳುತ್ತದೆ. ಅದರಲ್ಲಿ ದಕ್ಷಿಣ ಕನ್ನಡದ, ಮೈಸೂರಿನ, ಮಂಡ್ಯದ ಸಂಸಾರಗಳ ಉಳಿತಾಯವೂ ಇದ್ದೀತು.